ಕೆಲಸ ಕಾಯಂ, ಕೆಲಸಗಾರರು ತಾತ್ಕಾಲಿಕ

ಚೆನ್ನೈನ ಪೆರಂಬೂರು ಸೇರಿರುವ ಪಾಲಿಕೆ ವಲಯದ ಹೆಸರು ತಿರು.ವಿ.ಕ. ನಗರ. 1918ರ ಏಪ್ರಿಲ್ 27ರಂದು ಇಲ್ಲಿಯ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಕಾರ್ಮಿಕರಿಗಾಗಿ ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್‌ನಲ್ಲಿ ಬಿ.ಪಿ. ವಾಡಿಯಾ ಅವರೊಂದಿಗೆ ದುಡಿದ ತಿರು.ವಿ. ಕಲ್ಯಾಣಸುಂದರಂ ಅವರ ಹೆಸರು ಅದು. ಮುಷ್ಕರ ನಡೆಸಿದ್ದಕ್ಕೆ ವಾಡಿಯಾ ವಿರುದ್ಧ ಗಿರಣಿ ಮಾಲೀಕರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಆ ಕಹಿ ಅನುಭವವೇ 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ ದಾರಿ ಮಾಡಿತು. ಅದೇ ವಲಯದ ತಾತ್ಕಾಲಿಕ ಪೌರಕಾರ್ಮಿಕರು 2025ರ ಆಗಸ್ಟ್ 1ರಿಂದ ರಾಯಪುರಂ ವಲಯದವರ ಜೊತೆ ಪಾಲಿಕೆಯ ಕಚೇರಿಯಾದ ರಿಪ್ಪನ್ ಕಟ್ಟಡದ ಮುಂದೆ ಧರಣಿ ಕೂತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಕಸ ವಿಲೇವಾರಿ ಖಾಸಗಿಯವರ ಪಾಲಾದರೆ ಸುಮಾರು 23,000 ರೂಪಾಯಿಯ ಸಂಬಳ 17,000ದ ಆಸುಪಾಸಿಗೆ ಇಳಿಯುತ್ತದೆ ಎಂಬುದು ಅವರ ಅಹವಾಲು. ಆಗಸ್ಟ್ 13ರ ಮಧ್ಯರಾತ್ರಿ, ಹೈಕೋರ್ಟ್ ಆದೇಶ ಮುಂದಿಟ್ಟುಕೊಂಡು ಪೊಲೀಸರು ಅವರನ್ನು ಎಬ್ಬಿಸಿ ಬಸ್ಸುಗಳಿಗೆ ತುಂಬಿದರು.

ತಾತ್ಕಾಲಿಕ ಎಂಬ ಮಾತು ಕೆಲಸಕ್ಕೆ ಸಲ್ಲಬೇಕೇ ಹೊರತು ಆಳಿಗಲ್ಲ. ಬೀದಿಯ ಕಸ ಒಂದು ದಿನವೂ ರಜೆ ಹಾಕುವುದಿಲ್ಲ. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯ 10ನೇ ಕಲಂ ಸಹ ಗುತ್ತಿಗೆ ಪದ್ಧತಿಯನ್ನು ನಿಷೇಧಿಸುವ ಮುನ್ನ ಕೆಲಸ ವರ್ಷಪೂರ್ತಿ ಇರುವಂಥದ್ದೇ ಎಂದು ನೋಡಲು ಸರ್ಕಾರಕ್ಕೆ ಹೇಳಿತ್ತು. ಕೈಗಾರಿಕಾ ಸಂಸ್ಥೆಗಳಲ್ಲಿ 24 ತಿಂಗಳಲ್ಲಿ 480 ದಿನ ದುಡಿದವರನ್ನು ಕಾಯಂ ಮಾಡಬೇಕೆಂದು ತಮಿಳುನಾಡೇ 1981ರಲ್ಲಿ ಕಾಯ್ದೆ ತಂದಿತು. ಆ ಅಳತೆ ಪೊರಕೆ ಹಿಡಿದವರಿಗೂ ನ್ಯಾಯವೇ. ಆದರೆ 1970ರ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ, ಸ್ವಚ್ಛತೆಗೆಂದೇ ಸ್ಥಾಪನೆಯಾಗದ ಸಂಸ್ಥೆಗಳಲ್ಲಿ ಗುಡಿಸುವ, ಕಸ ಎತ್ತುವ ಕೆಲಸವನ್ನು ಗುತ್ತಿಗೆ ನಿಷೇಧವಿರುವ ‘ಮುಖ್ಯ ಚಟುವಟಿಕೆ’ಯ ಪಟ್ಟಿಯಿಂದ ಹೊರಗಿಟ್ಟಿದೆ. ಇದು ಹಿನ್ನಡೆ ಎಂದು ನೇರವಾಗಿಯೇ ಹೇಳಬೇಕು.

ಹಿಂಬಾಗಿಲಿನಿಂದ ಬಂದವರನ್ನು ಕಾಯಂ ಮಾಡಿದರೆ ಸರದಿಯಲ್ಲಿ ಕಾದ ನಿರುದ್ಯೋಗಿಗೆ ಅನ್ಯಾಯವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. 2006ರಲ್ಲಿ ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಅದನ್ನೇ. ಆದರೆ ಮಂಜೂರಾದ ಹುದ್ದೆಗಳಲ್ಲಿ ಹತ್ತು ವರ್ಷ ದುಡಿದ ಅರ್ಹರನ್ನು ಒಮ್ಮೆ ಸಕ್ರಮಗೊಳಿಸಿ ಎಂದದ್ದೂ ಅದೇ ತೀರ್ಪು. 2024ರ ಡಿಸೆಂಬರ್‌ನಲ್ಲಿ ಜಗ್ಗೋ ಪ್ರಕರಣದಲ್ಲಿ ಅದೇ ನ್ಯಾಯಾಲಯ, ದೀರ್ಘಕಾಲ ದುಡಿದವರ ಹಕ್ಕು ತಪ್ಪಿಸಲು ಉಮಾದೇವಿ ತೀರ್ಪನ್ನು ಬಳಸಬಾರದೆಂದಿತು. ಇನ್ನು ಹಣದ ಮಾತು. ಗುತ್ತಿಗೆದಾರನ ಲಾಭವೂ ತೆರಿಗೆದಾರನ ದುಡ್ಡೇ. ಉಳಿತಾಯ ಕಾಣುವುದು ಕಾರ್ಮಿಕರ ಸಂಬಳ, ಪಿಎಫ್, ರಜೆ ಕೊರೆದಾಗ. ಹೊರೆ ಹೊರಲಾಗದು ಎನ್ನುವವರು ಬೆಂಗಳೂರನ್ನು ನೋಡಲಿ. ಗುತ್ತಿಗೆದಾರರ ಕೈಯಲ್ಲಿ ವರ್ಷಗಟ್ಟಲೆ ನಲುಗಿ, ಹೋರಾಡಿ ಮೊದಲು ನೇರ ಪಾವತಿ ಗೆದ್ದ ಇಲ್ಲಿನ ಪೌರಕಾರ್ಮಿಕರಲ್ಲಿ 12,692 ಮಂದಿಗೆ 2025ರ ಮೇ 1ರಂದು ಕಾಯಂ ನೇಮಕಾತಿ ಪತ್ರ ಸಿಕ್ಕಿತು. ಪೆರಂಬೂರಿನವರು ಧರಣಿ ಕೂತದ್ದು ಅದಾಗಿ ಸರಿಯಾಗಿ ಮೂರು ತಿಂಗಳಿಗೆ.