ನಾಬೋತನ ತೋಟ ಮಕ್ಕಳಿಗೇಕೆ ಬೇಡ?

ಚಿತ್ರದುರ್ಗದ ಕೋಟೆ ಹತ್ತಿದ ಮಕ್ಕಳಿಗೆ ಒನಕೆ ಕಿಂಡಿ ತೋರಿಸದೆ ಯಾರೂ ಕೆಳಗಿಳಿಸುವುದಿಲ್ಲ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಸಂದಿಯಲ್ಲಿ ತಲೆ ತೂರಿಸಿದ್ದು, ಕಾವಲುಗಾರನ ಹೆಂಡತಿ ಓಬವ್ವ ಒನಕೆಯಿಂದ ಬಡಿದದ್ದು, ಹೆಣ ಎಳೆದು ಬದಿಗೆ ಹಾಕಿದ್ದು, ಇಷ್ಟನ್ನೂ ಐದು ವರ್ಷದ ಕೂಸಿಗೂ ಅಳುಕಿಲ್ಲದೆ ಹೇಳುತ್ತೇವೆ. 1972ರ ‘ನಾಗರಹಾವು’ ಚಿತ್ರ ಅದನ್ನು ಮನೆಮನೆಗೂ ಮುಟ್ಟಿಸಿತು. ಹಾಗಿದ್ದ ಮೇಲೆ ಬೈಬಲಿನ ಕೆಲವು ಕಥೆಗಳನ್ನು ‘ಮಕ್ಕಳಿಗೆ ಬೇಡ’ ಎಂದು ಪಕ್ಕಕ್ಕಿಡುವಾಗ ನಾವು ಹೆದರುವುದು ರಕ್ತಕ್ಕೆ ಇರಲಾರದು. ದಾವೀದ ಗೊಲ್ಯಾತನ ತಲೆ ಕಡಿದದ್ದನ್ನು ಹೇಳಲು ಯಾರೂ ಹಿಂಜರಿಯುವುದಿಲ್ಲವಲ್ಲ. ಓಬವ್ವನ ಕಥೆಯಲ್ಲಿ ವೈರಿ ಕೋಟೆಯ ಹೊರಗಿನವನು. ಕಷ್ಟದ ಕಥೆಗಳಲ್ಲಿ ಅನ್ಯಾಯ ಮಾಡುವವರು ಒಳಗಿನವರು: ಅರಸ, ರಾಣಿ, ಊರ ಹಿರಿಯರು. ಅಲ್ಲೇ ನಮಗೆ ನಾಲಿಗೆ ತಡವರಿಸುವುದು.

ಅರಸುಗಳು ಮೊದಲನೆಯ ಪುಸ್ತಕದ 21ನೆಯ ಅಧ್ಯಾಯ ನೋಡಿ. ಅರಮನೆಯ ಮಗ್ಗುಲಲ್ಲೇ ನಾಬೋತನ ದ್ರಾಕ್ಷಿತೋಟ. ತರಕಾರಿ ಬೆಳೆಯಲು ಅದು ಅರಸ ಅಹಾಬನಿಗೆ ಬೇಕು. ಬದಲಿ ತೋಟ ಕೊಡುತ್ತೇನೆ, ಇಲ್ಲವೇ ದುಡ್ಡು ಕೊಡುತ್ತೇನೆ ಎನ್ನುತ್ತಾನೆ. ಪಿತ್ರಾರ್ಜಿತ ಕೊಡಲಾರೆ ಎನ್ನುತ್ತಾನೆ ನಾಬೋತ. ಹೊಳಲ್ಕೆರೆಯ ಅಡಿಕೆ ತೋಟದ, ಹೊಸದುರ್ಗದ ತೆಂಗಿನ ತೋಟದ, ಹಿರಿಯೂರಿನ ವಾಣಿವಿಲಾಸ ಸಾಗರದ ಅಚ್ಚುಕಟ್ಟಿನ ಮಕ್ಕಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕೆ? ಅರಸ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗುತ್ತಾನೆ. ರಾಣಿ ಈಜೆಬೆಲ್ ಅವನ ಮುದ್ರೆ ಒತ್ತಿ ಊರ ಹಿರಿಯರಿಗೆ ಕಾಗದ ಬರೆಯುತ್ತಾಳೆ. ಮರಣದಂಡನೆಗೆ ಇಬ್ಬರು ಸಾಕ್ಷಿಗಳು ಬೇಕೆಂಬುದು ಅಲ್ಲಿನ ಕಾನೂನು. ಆಕೆ ಸರಿಯಾಗಿ ಇಬ್ಬರನ್ನೇ ಹೊಂದಿಸುತ್ತಾಳೆ. ಉಪವಾಸವನ್ನೂ ಸಾರಿಸುತ್ತಾಳೆ. ದೇವದೂಷಣೆಯ ಸುಳ್ಳು ಆರೋಪದ ಮೇಲೆ ನಾಬೋತನನ್ನು ಕಲ್ಲೆಸೆದು ಕೊಲ್ಲುತ್ತಾರೆ. ಕಾನೂನಿನ ಒಂದಕ್ಷರವೂ ಮೇಲ್ನೋಟಕ್ಕೆ ಮುರಿದಿಲ್ಲ. ಅನ್ಯಾಯಕ್ಕೆ ಯಾವಾಗಲೂ ರಾಕ್ಷಸನ ಮುಖ ಇರುವುದಿಲ್ಲ, ಎಷ್ಟೋ ಸಲ ಅದು ಮೊಹರು ಹಾಕಿದ ಕಾಗದವಾಗಿ ಬರುತ್ತದೆ ಎಂಬುದನ್ನು ಇದಕ್ಕಿಂತ ಚೊಕ್ಕವಾಗಿ ತೋರಿಸುವ ಕಥೆ ಸಿಗುವುದು ಕಷ್ಟ.

ಇಂಥದ್ದು ಹೇಳಿದರೆ ಮಕ್ಕಳಿಗೆ ದೊಡ್ಡವರ ಮೇಲೆ ಗೌರವ ಹೋಗುತ್ತದೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೆ ಅರಸನ ಎದುರು ಅದೇ ತೋಟದಲ್ಲಿ ನಿಂತು ಕೊಲೆಯನ್ನು ಕೊಲೆ ಎಂದ ಪ್ರವಾದಿ ಎಲೀಯನೂ ದೊಡ್ಡವನೇ. ಪರರ ಹೆಂಡತಿಯನ್ನು ತಂದುಕೊಂಡ ದಾವೀದನಿಗೆ ಬಡವನ ಒಂದೇ ಕುರಿಮರಿಯ ಕಥೆ ಹೇಳಿ ಕಣ್ಣು ತೆರೆಸಿದ ಪ್ರವಾದಿ ನಾತಾನನೂ ದೊಡ್ಡವನೇ. ತಪ್ಪೊಪ್ಪಿಕೊಂಡ ದಾವೀದನನ್ನೂ ಇಲ್ಲೇ ಸೇರಿಸಬಹುದು. ಗೌರವಕ್ಕೆ ಅರ್ಹರು ಯಾರು ಎಂದು ಗುರುತಿಸಲು ಮಗುವಿಗೆ ಎರಡು ಬಗೆಯ ಹಿರಿಯರೂ ಗೊತ್ತಿರಬೇಕು.

ಇನ್ನೊಂದು ಆಕ್ಷೇಪ, ನಾಬೋತ ಮರಳಿ ಬರುವುದಿಲ್ಲ, ಮಗು ಮಂಕಾಗುತ್ತದೆ ಎಂಬುದು. ಎಲೀಯನ ಮಾತಿಗೆ ಅಹಾಬ ಗೋಣಿತಟ್ಟು ಉಟ್ಟು ಕುಗ್ಗಿದಾಗ ಅವನ ಮನೆತನಕ್ಕೆ ಬರಬೇಕಿದ್ದ ಕೇಡೂ ಮಗನ ಕಾಲಕ್ಕೆ ಮುಂದೆ ಹೋಗುತ್ತದೆ. ನಿಜ, ಸಮಾಧಾನದ ಮುಕ್ತಾಯ ಇಲ್ಲಿಲ್ಲ. ಓಬವ್ವ ಅಷ್ಟು ಹೋರಾಡಿದ ಕೋಟೆಯೂ 1779ರಲ್ಲಿ ಹೈದರನ ಕೈಸೇರಿತು. ಅದಕ್ಕಾಗಿ ನಾವು ಅವಳ ಕಥೆ ನಿಲ್ಲಿಸಿದ್ದೇವೆಯೆ? ಪುಣ್ಯಕೋಟಿಯ ಹಾಡಿನ ಕೊನೆಗೆ ಹುಲಿ ಸತ್ತಾಗ ಅತ್ತ ಮಕ್ಕಳೇ ಮತ್ತೆ ಹಾಡಿಸಿಕೊಳ್ಳುತ್ತಾರೆ.

ವಯಸ್ಸು ನೋಡಿ ಹೇಳಬೇಕೆಂಬುದನ್ನು ಒಪ್ಪೋಣ. ಚಿಕ್ಕವರಿಗೆ ಕಲ್ಲೇಟಿನ ವರ್ಣನೆ ಬೇಕಿಲ್ಲ. ಸುಳ್ಳು ಸಾಕ್ಷಿಯಿಂದ ತೋಟ ಕಿತ್ತುಕೊಂಡರು, ಅವನನ್ನು ಕೊಂದರು ಎಂದರೆ ಸಾಕು. ಹತ್ತು ದಾಟಿದವರ ಮುಂದೆ ಮಾತ್ರ ಊರ ಹಿರಿಯರ ಪಾತ್ರವನ್ನು ಬಿಡಬಾರದು. ಕಾಗದ ಒಯ್ದವರು, ಓದಿದವರು, ಸಾಕ್ಷಿ ಹೇಳಿದ ಇಬ್ಬರು, ಕಲ್ಲೆತ್ತಿದವರು, ಇವರಲ್ಲಿ ಯಾರು ಎಲ್ಲಿ ‘ಆಗದು’ ಎನ್ನಬಹುದಿತ್ತು ಎಂದು ಮೇಷ್ಟ್ರು ಕೇಳಿ, ಉತ್ತರವನ್ನು ತಾವೇ ಹೇಳದೆ ಸುಮ್ಮನಿರಲಿ.