ಅಟ್ಟದ ಮೇಲಿನ ಕೋವಿ, ಬಲೆ, ಉರುಳು: ಇವನ್ನು ಇಡುವ ಕ್ರಮ



ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗೆ ಅಟ್ಟವೇ ಕಣಜ. ಸುಲಿಯದ ತೆಂಗಿನಕಾಯಿ ಹತ್ತು ಹನ್ನೊಂದು ತಿಂಗಳು ಅಲ್ಲಿ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಆ ಕಾಯಿರಾಶಿಯ ಹಿಂದೆ, ಮೂಲೆಯಲ್ಲಿ, ಅಜ್ಜನ ಕಾಲದ ಕೋವಿ, ಹಂದಿ ಬಲೆ, ಈಟಿ, ಮದ್ದಿನ ಡಬ್ಬಿ ಉಳಿದಿರುವ ಮನೆಗಳೂ ಉಂಟು. ಯುಗಾದಿಯ ಮರುದಿನ ಹೊಸತೊಡಕಿಗೆ ಊರವರು ಗುಂಪುಗೂಡಿ ಬೇಟೆಗೆ ಹೊರಡುತ್ತಿದ್ದ ಕಾಲದ ಸಾಮಾನುಗಳಿವು.

ಆ ಕಾಲ ಮುಗಿಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಂದಿ, ಮೊಲ, ನವಿಲು ಮುಂತಾದವುಗಳ ಬೇಟೆ ಅಪರಾಧ. ಬೇಟೆ ನಿಂತರೂ ಸಾಮಾನು ಮನೆಯಲ್ಲಿದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳೂ ಇವೆ. ಅವುಗಳನ್ನು ಸರಿಯಾಗಿ ಇಡದಿದ್ದರೆ ಅಪಾಯ ಬರುವುದು ಕಾಡುಹಂದಿಗಲ್ಲ, ನಮ್ಮ ಮಕ್ಕಳಿಗೆ.

ಅಟ್ಟ ಏಕೆ ಬೇಡ?

ಅಟ್ಟದ ತುಂಬ ಒಣಗಿದ ಮಟ್ಟೆ, ನಾರು. ಕೆಲವೆಡೆ ಕೆಳಗೆ ಒಲೆಯ ಹೊಗೆಯೂ ಉಂಟು. ಅಂತಹ ಜಾಗದಲ್ಲಿ ಮದ್ದು ಇಡುವುದು ಬಣವೆಯೊಳಗೆ ಕೆಂಡ ಇಟ್ಟಂತೆ. ಕಾಯಿ ಇಳಿಸಲು ಅಟ್ಟ ಹತ್ತುವವರು ಬಹುಮಟ್ಟಿಗೆ ಮನೆಯ ಹುಡುಗರೇ. ಕೈಗೆ ಸಿಕ್ಕ ಕೋವಿಯನ್ನು ಅವರು ಆಟಕ್ಕೆ ಗುರಿ ಹಿಡಿದರೆ ಆಗುವುದೇನೆಂದು ನೀವೇ ಯೋಚಿಸಿ.

ಕೋವಿ ಇಡುವ ಕ್ರಮ

1. ಎಲ್ಲ ಕೋವಿಯನ್ನೂ ತುಂಬಿದ ಕೋವಿಯೆಂದೇ ಎಣಿಸಿ. ನಳಿಗೆಯ ಬಾಯಿಯನ್ನು ಎಂದೂ ಜನರ ಕಡೆಗೆ ತಿರುಗಿಸಬೇಡಿ.

2. ತೋಟಾ ತೆಗೆದು, ನಳಿಗೆ ಖಾಲಿಯಾಗಿರುವುದನ್ನು ಕಣ್ಣಾರೆ ಕಂಡ ನಂತರವೇ ಒಳಗಿಡಿ. ಕೋವಿಗೆ ಒಂದು ಬೀಗ, ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಬೀಗದ ಕೈ ಲೈಸೆನ್ಸುದಾರನ ಬಳಿಯಲ್ಲೇ ಇರತಕ್ಕದ್ದು.

3. ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯ ಬಗೆಗೆ ಹೆಚ್ಚು ಎಚ್ಚರ ಬೇಕು. ವರ್ಷಗಳ ಹಿಂದೆ ತುಂಬಿದ ಮದ್ದು ಒಣಗಿದ್ದರೆ ಇಂದಿಗೂ ಹಾರಬಹುದು. ನೀವೇ ಕೆದಕಬೇಡಿ. ಮುಟ್ಟದೆ ಪೊಲೀಸ್ ಠಾಣೆಗೆ ತಿಳಿಸಿ. ಹಳೆಯ ಮದ್ದಿನ ಡಬ್ಬಿಗೂ ಇದೇ ಕ್ರಮ; ಅದನ್ನು ಒಲೆಗೆ ಸುರಿಯುವುದಾಗಲಿ, ಬಾವಿಗೆ ಎಸೆಯುವುದಾಗಲಿ ಕೂಡದು.

4. ಮಳೆಗಾಲದಲ್ಲಿ ನಳಿಗೆಗೆ ತುಕ್ಕು ಬೇಗ ಹಿಡಿಯುತ್ತದೆ. ಒಣ ಬಟ್ಟೆಯಿಂದ ಒರೆಸಿ, ಕೋವಿಗೆಂದೇ ಮಾರುವ ಎಣ್ಣೆಯನ್ನು ತೆಳ್ಳಗೆ ಸವರಿ. ಮನೆಯಲ್ಲಿ ಯಥೇಚ್ಛವಾಗಿದೆಯೆಂದು ಕೊಬ್ಬರಿ ಎಣ್ಣೆ ಹಚ್ಚಬೇಡಿ. ಚಳಿಗಾಲಕ್ಕೆ ಅದು ಗಟ್ಟಿಯಾಗಿ ಧೂಳನ್ನು ಹಿಡಿದಿಡುತ್ತದೆ. ಚರ್ಮದ ಚೀಲದಲ್ಲಿ ಬಹುಕಾಲ ಇಟ್ಟರೂ ತೇವ ಹಿಡಿಯುತ್ತದೆ.

ಕಾಗದಪತ್ರ

ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಲೈಸೆನ್ಸ್ ಇರಬೇಕು. ಅವಧಿ ಮುಗಿಯುವ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಿ. ಲೈಸೆನ್ಸುದಾರರು ತೀರಿಕೊಂಡರೆ ಕೋವಿ ಮಕ್ಕಳಿಗೆ ತಾನಾಗಿ ಬರುವುದಿಲ್ಲ. ಮೊದಲು ಠಾಣೆಯಲ್ಲಿ ಠೇವಣಿ ಇಟ್ಟು ರಶೀದಿ ಪಡೆಯಿರಿ. ಬೇಕಿದ್ದರೆ ವಾರಸುದಾರರು ಹೊಸದಾಗಿ ಅರ್ಜಿ ಸಲ್ಲಿಸಬಹುದು. "ಅಪ್ಪನದು, ಹೇಗೂ ಮೂಲೆಯಲ್ಲಿದೆ" ಎಂಬ ಉದಾಸೀನ ಬೇಡ. ಚುನಾವಣೆ ಕಾಲದಲ್ಲಿ ಠೇವಣಿ ಇಡಲು ಆದೇಶ ಬಂದಾಗಲೂ ರಶೀದಿಯನ್ನು ಜೋಪಾನ ಮಾಡಿ.

ಬಲೆ ಮತ್ತು ಉರುಳು

ಈಟಿಯ ಅಲಗನ್ನು ಒರೆಸಿ, ಮೊನೆಗೆ ಹೊದಿಕೆ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಹಗ್ಗದ ಬಲೆಯನ್ನು ಬಿಚ್ಚಿ ಹಗ್ಗ ಮಾಡಿಕೊಳ್ಳಬಹುದು. ಆದರೆ ತಂತಿಯ ಉರುಳನ್ನು ಇಟ್ಟುಕೊಳ್ಳಲೇಬೇಡಿ, ಇಂದೇ ಕತ್ತರಿಸಿ. ಬೇಲಿಯ ಸಂದಿಯಲ್ಲಿ ಕಟ್ಟಿದ ಕ್ಲಚ್ ವೈರಿಗೆ ಹಂದಿ ಯಾವುದು, ನಾಯಿ ಯಾವುದು, ನಮ್ಮ ಮೇಕೆ ಯಾವುದು ಎಂಬ ಭೇದವಿಲ್ಲ. ಚಿರತೆ ಸಿಕ್ಕಿಬಿದ್ದರೆ, ಬಿಡಿಸಲು ಹೋದವರ ಪ್ರಾಣಕ್ಕೇ ಸಂಚಕಾರ. ಸಿಡಿಮದ್ದಿನ ಉಂಡೆಯ ಮಾತಂತೂ ಬೇಡವೇ ಬೇಡ. ಮೇಯಲು ಹೋದ ಹಸುವಿನ ಬಾಯಿ ಒಡೆಯುವುದೂ ಅದರಿಂದಲೇ. ಉರುಳು ಒಡ್ಡುವುದೂ ಕಾನೂನಿನಲ್ಲಿ ಬೇಟೆಯೇ. ಬೇಟೆಗೆ ಬಳಸಿದ ಆಯುಧ, ವಾಹನಗಳೂ ಸರ್ಕಾರದ ವಶವಾಗುತ್ತವೆ.

ಬೆಳೆ ಹಾಳಾದರೆ ಏನು ಮಾಡಬೇಕು?

ಬೆಳೆ ರಕ್ಷಣೆಯ ಲೈಸೆನ್ಸ್ ಎಂದರೆ ಪ್ರಾಣಿ ಕೊಲ್ಲುವ ಅಪ್ಪಣೆಯಲ್ಲ. ಅದಕ್ಕೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಬೇರೆ ಬೇಕು. ಹಂದಿ ಬುಡ ಅಗೆದ ಎಳೆಯ ತೆಂಗಿನ ಸಸಿ, ತುಳಿದ ರಾಗಿ ಹೊಲ, ಇವನ್ನು ಹಾಗೆಯೇ ಉಳಿಸಿ ಫೋಟೋ ತೆಗೆಯಿರಿ. ಪಹಣಿಯೊಂದಿಗೆ ವಲಯ ಅರಣ್ಯ ಕಚೇರಿಯಲ್ಲಿ ಪರಿಹಾರಕ್ಕೆ ಬೇಗನೆ ಅರ್ಜಿ ಕೊಡಿ.

ವರ್ಷಕ್ಕೊಮ್ಮೆ ಆಯುಧಪೂಜೆಗೆ ಕುಡುಗೋಲು, ಮಚ್ಚು, ನೇಗಿಲು ತೊಳೆದು ಕುಂಕುಮ ಇಡುತ್ತೇವೆ. ಅಂದೇ ಅಟ್ಟದ ಮೂಲೆಯನ್ನೂ ಒಮ್ಮೆ ಶೋಧಿಸಿ. ಬೀಗ ಸರಿಯಿದೆಯೇ, ಲೈಸೆನ್ಸಿನ ಅವಧಿ ಎಂದಿಗೆ, ತೋಟಾ ಎಷ್ಟಿವೆ ಎಂದು ಬರೆದಿಡಿ. ಅಟ್ಟ ಕೊಬ್ಬರಿಗೆ ಇರಲಿ. ಕೋವಿ ಬೀಗದೊಳಗಿರಲಿ. ಮಕ್ಕಳು ನಿರ್ಭಯವಾಗಿ ಏಣಿ ಹತ್ತಲಿ.