ಮನೆಯ ಜನರೇಟರಿಗೆ ಯಾವ ಎಣ್ಣೆ?

ವೈಶಾಖ ಕಾಲಿಟ್ಟಿತೆಂದರೆ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಮಧ್ಯಾಹ್ನದ ಬೀದಿಗಳು ನಿರ್ಜನವಾಗುತ್ತವೆ. ಉಷ್ಣಮಾನವು 42 ಡಿಗ್ರಿಯನ್ನು ಮುಟ್ಟುವುದು ಇಲ್ಲಿ ಸುದ್ದಿಯೇ ಅಲ್ಲ. ಅಂಥ ಹೊತ್ತಿನಲ್ಲಿ ವಿದ್ಯುತ್ತು ಹೋಯಿತೆನ್ನಿ. ಪಂಖಾ ನಿಲ್ಲುತ್ತದೆ, ತೊಟ್ಟಿಲ ಮಗು ಅಳುತ್ತದೆ, ಫ್ರಿಜ್ಜಿನಲ್ಲಿರಿಸಿದ ಅಜ್ಜನ ಇನ್ಸುಲಿನ್ನಿನ ಚಿಂತೆ ಮನೆಯಾಕೆಯನ್ನು ಕಾಡುತ್ತದೆ. ಯಜಮಾನರು ಹಿತ್ತಲಿಗೆ ಹೋಗಿ ಜನರೇಟರಿನ ಹಗ್ಗವನ್ನೆಳೆಯುತ್ತಾರೆ. ಅದು ಹತ್ತು ನಿಮಿಷ ಓಡಿ, ಕರ್ಕಶವಾಗಿ ಕೂಗಿ, ಸ್ತಬ್ಧವಾಯಿತೆಂದರೆ ಮೊದಲು ವಿಚಾರಿಸಬೇಕಾದುದು ಅದರ ಹೊಟ್ಟೆಯೊಳಗಿನ ಸುಮಾರು ಅರ್ಧ ಲೀಟರು ಎಣ್ಣೆಯನ್ನು.

ಎಣ್ಣೆಯ ಅಂಗಡಿಯಲ್ಲಿ ಸಲಹೆಗೆ ಬರವಿಲ್ಲ. “ಬಿಸಿಲಿನ ಊರು, ಗಟ್ಟಿ ಎಣ್ಣೆಯನ್ನೇ ಹಾಕಿರಿ” ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಇದರಲ್ಲಿ ಸತ್ಯಾಂಶವಿದೆಯಾದರೂ ಅದು ಅರ್ಧ ಸತ್ಯ ಮಾತ್ರ.

ಡಬ್ಬಿಯ ಮೇಲೆ ಮುದ್ರಿತವಾಗಿರುವ ಅಂಕೆಗಳಿಗೆ ಒಂದು ಇತಿಹಾಸವಿದೆ. ಅಮೆರಿಕದ ಮೋಟಾರು ಎಂಜಿನಿಯರುಗಳ ಸಂಘವಾದ ಎಸ್.ಎ.ಇ. ಸಂಸ್ಥೆಯು 1911ರಲ್ಲಿ ಎಣ್ಣೆಗಳನ್ನು ಅವುಗಳ ಸ್ನಿಗ್ಧತೆಗೆ, ಎಂದರೆ ಹರಿಯಲೊಲ್ಲದ ಗುಣಕ್ಕೆ, ಅನುಸಾರವಾಗಿ ವಿಂಗಡಿಸಿತು. “10ಡಬ್ಲ್ಯು-30” ಎಂಬಲ್ಲಿ ಡಬ್ಲ್ಯು ಎಂಬುದು ಚಳಿಗಾಲದ ಇಂಗ್ಲಿಷ್ ಹೆಸರಿನ ಮೊದಲಕ್ಷರ. ಮೊದಲನೆಯ ಅಂಕೆಯು ಎಣ್ಣೆ ಕೊರೆಯುವ ಚಳಿಯಲ್ಲಿ ಹೇಗೆ ವರ್ತಿಸುವುದೆಂಬುದನ್ನೂ, ಎರಡನೆಯದು 100 ಡಿಗ್ರಿ ಕಾವಿನಲ್ಲಿ ಎಷ್ಟು ಸ್ನಿಗ್ಧತೆಯನ್ನು ಉಳಿಸಿಕೊಳ್ಳುವುದೆಂಬುದನ್ನೂ ತಿಳಿಸುತ್ತವೆ. ಹಿಮ ಬೀಳುವ ನಾಡಿನವರಿಗೆ ಮೊದಲನೆಯ ಅಂಕೆಯೇ ಪ್ರಾಣ. ಭೀಮಾತೀರದವರಿಗೆ ಅದರ ಹಂಗು ಅಷ್ಟಿಲ್ಲ.

ಗಾಳಿಯಿಂದಲೇ ತಣಿಯುವ ಸಣ್ಣ ಪೆಟ್ರೋಲ್ ಜನರೇಟರಿಗೆ, ತಯಾರಕರ ಕೈಪಿಡಿಯು ಒಪ್ಪುವುದಾದರೆ, ಕೇವಲ “ಎಸ್.ಎ.ಇ. 30” ಎಂದು ಬರೆದಿರುವ ಎಣ್ಣೆಯೇ ಈ ಪ್ರಾಂತಕ್ಕೆ ಹಿತವಾದುದು. ಅದರ ದೋಷವೆಂದರೆ 4 ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಯಂತ್ರವನ್ನು ಹೊರಡಿಸಲು ಕಷ್ಟಪಡಿಸುವುದು. ಆ ಚಳಿಯನ್ನು ಜೇವರ್ಗಿಯಲ್ಲಿ ಕಂಡವರಾರು? 10ಡಬ್ಲ್ಯು-30 ಎಣ್ಣೆಯೂ ನಡೆದೀತು. ಆದರೆ ಹೊರಗಿನ ಬಿಸಿ 27 ಡಿಗ್ರಿಯನ್ನು ಮೀರಿದಾಗ ಅದು ಹೆಚ್ಚು ಖರ್ಚಾಗುವ ಸಂಭವವುಂಟು. ಅಳತೆಯ ಕಡ್ಡಿಯನ್ನು ಪದೇ ಪದೇ ನೋಡುತ್ತಿರಬೇಕು. ಡೀಸೆಲ್ ಯಂತ್ರಕ್ಕೆ 15ಡಬ್ಲ್ಯು-40 ರೂಢಿಯಲ್ಲಿದೆ. ಡಬ್ಬಿಯ ಮೇಲೆ ಎಸ್ ಅಕ್ಷರದಿಂದ ಮೊದಲಾಗುವ ದರ್ಜೆ ಪೆಟ್ರೋಲಿನದು, ಸಿ ಅಕ್ಷರದ್ದು ಡೀಸೆಲಿನದು. ಪೆಟ್ರೋಲಿನಲ್ಲಿ ಬೆರೆಸುವ ಟೂ-ಸ್ಟ್ರೋಕ್ ಎಣ್ಣೆಯನ್ನು ಫೋರ್-ಸ್ಟ್ರೋಕ್ ಯಂತ್ರದ ಹೊಟ್ಟೆಗೆ ಸುರಿಯುವುದಂತೂ ಯಂತ್ರಹತ್ಯೆಯೇ ಸರಿ.

ಹಾಗಾದರೆ ಇನ್ನೂ ಗಟ್ಟಿಯಾದುದೇಕೆ ಬೇಡ? ಈ ಪುಟ್ಟ ಯಂತ್ರಗಳಲ್ಲಿ ಅನೇಕಕ್ಕೆ ಎಣ್ಣೆಯನ್ನು ಒತ್ತುವ ಪಂಪಿಲ್ಲ. ಒಳಗೊಂದು ಸೌಟು ತಿರುಗುತ್ತ ಎಣ್ಣೆಯನ್ನು ಎರಚುತ್ತದೆ. ಪಾಯಸವನ್ನು ಎರಚಬಹುದು, ಹೋಳಿಗೆಯ ಹೂರಣವನ್ನು ಎರಚಲಾದೀತೆ? ಇದೇ ಕಾರಣದಿಂದ ಯಂತ್ರವನ್ನು ಸಮತಟ್ಟಾದ ನೆಲದ ಮೇಲಿಡಬೇಕು. ಅದೂ ಮನೆಯ ಹೊರಗೆ. ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದ ವಿಷ.

ನಿಜ ಹೇಳಬೇಕೆಂದರೆ, ಯಂತ್ರಗಳು ಕೆಡುವುದು ತಪ್ಪು ಡಬ್ಬಿಯಿಂದ ಕಡಿಮೆ, ಹಳೆಯ ಎಣ್ಣೆಯಿಂದ ಹೆಚ್ಚು. ಹೊಸ ಯಂತ್ರದ ಎಣ್ಣೆಯನ್ನು ಮೊದಲ 20 ಗಂಟೆಗಳಿಗೂ, ಆಮೇಲೆ 100 ಗಂಟೆಗಳಿಗೆ ಅಥವಾ 6 ತಿಂಗಳಿಗೊಮ್ಮೆಯೂ ಬದಲಿಸಬೇಕೆಂಬುದು ಅನೇಕ ತಯಾರಕರ ನಿಯಮ. ದಿನಕ್ಕೆ 2 ಗಂಟೆ ಓಡಿದರೂ 50 ದಿನಗಳಲ್ಲಿ ಆ ನೂರು ತೀರಿತು! ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಈ ಗಂಟೆಗಳನ್ನೂ ಗುರುತಿಸುವ ಗೃಹಿಣಿಯು ಮೆಕ್ಯಾನಿಕ್ಕಿನ ಬಿಲ್ಲನ್ನು ಉಳಿಸುತ್ತಾಳೆ. ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಏಳುವ ಎರೆಮಣ್ಣಿನ ಧೂಳು ಗಾಳಿಶೋಧಕವನ್ನು ದಾಟಿ ಒಳಸೇರಿದರಂತೂ ಎಣ್ಣೆ ಉಸುಕಿನ ಕಾಗದದಂತೆ ಕೆಲಸ ಮಾಡತೊಡಗುತ್ತದೆ. ಆಗ ಶೋಧಕವನ್ನು ಇನ್ನಷ್ಟು ಬೇಗ ಬೇಗ ಶುಚಿಗೊಳಿಸಬೇಕು.

2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದೀತೀರದ ಹಳ್ಳಿಗಳಿಗೆ ನುಗ್ಗಿದ್ದು ಅಲ್ಲಿಯವರ ನೆನಪಿನಲ್ಲಿದೆ. ನೆರೆಯಲ್ಲಿ ನೆನೆದ ಜನರೇಟರಿನ ಹಗ್ಗವನ್ನು ಆತುರದಿಂದ ಎಳೆಯಬಾರದು. ಕಡ್ಡಿಯನ್ನು ಹೊರತೆಗೆದಾಗ ಎಣ್ಣೆಯು ಹಾಲು ಬೆರೆತ ಚಹದಂತೆ ಕಂಡರೆ ಒಳಗೆ ನೀರು ಸೇರಿದೆಯೆಂದೇ ಅರ್ಥ. ಅಷ್ಟನ್ನೂ ಹಳೆಯ ಡಬ್ಬಿಗೆ ಬಸಿದು, ಚರಂಡಿಗಾಗಲಿ ಬಾವಿಯ ಬಳಿಗಾಗಲಿ ಚೆಲ್ಲದೆ ಗ್ಯಾರೇಜಿಗೆ ಒಪ್ಪಿಸಿ, ಯಂತ್ರವನ್ನು ಬಲ್ಲವರಿಂದ ಪರೀಕ್ಷಿಸಿದ ಮೇಲೆಯೇ ಹೊಸ ಎಣ್ಣೆ ತುಂಬಬೇಕು.